ಎಕ್ಸೆಲ್ ಆಡ್-ಇನ್: ಹಾಕುವುದು, ನಿಲ್ಲಿಸುವುದು, ಹಿಡಿತದಲ್ಲಿ ಇಟ್ಟುಕೊಳ್ಳುವುದು

ಮಾರ್ಚ್ 31ರ ಸಂಜೆ, ಪೆರ್ಲದ ಹತ್ತಿರದ ಒಂದು ಹಾಲಿನ ಸೊಸೈಟಿ. ಮನೆಯ ಕಂಪ್ಯೂಟರ್‌ನಲ್ಲಿ ನಾನು ಮಾಡಿಟ್ಟ ವೋಚರ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಅಲ್ಲಿನ ಕಂಪ್ಯೂಟರ್‌ನಲ್ಲಿ ತೆರೆದೆ. ಎಲ್ಲವೂ ಸರಿಯಾಗಿ ಕಂಡಿತು. ಮೊತ್ತದ ಕೆಳಗೆ "ಹದಿನೆಂಟು ಸಾವಿರದ ನಾನೂರ ಐವತ್ತು ರೂಪಾಯಿ" ಎಂದು ಅಕ್ಷರದಲ್ಲಿ ಬಂದಿತ್ತು. ಒಂದು ವೋಚರಿನಲ್ಲಿ ಮೊತ್ತ ತಪ್ಪಿತ್ತು, ತಿದ್ದಿದೆ, ಎಂಟರ್ ಒತ್ತಿದೆ. ಅಕ್ಷರದ ಸಾಲು ಹೋಯಿತು. ಆ ಜಾಗದಲ್ಲಿ #ನೇಮ್? ಎಂದು ಬಂತು. ಇನ್ನೊಂದು ತಿದ್ದಿದೆ, ಅದೂ ಹಾಗೇ. ಫಾರ್ಮುಲಾ ಬಾರ್ ನೋಡಿದರೆ ಅಲ್ಲಿ ನನ್ನ ಮನೆಯ ಕಂಪ್ಯೂಟರ್‌ನ ಸಿ ಡ್ರೈವಿನಿಂದ ಹಿಡಿದು ಫೋಲ್ಡರ್‌ಗಳ ಹೆಸರು ಉದ್ದಕ್ಕೆ ಬರೆದಿತ್ತು. ಮತ್ತೆ ಮನೆಗೆ ಹೋಗಿ ಒಂದು ಸಣ್ಣ ಫೈಲ್ ತಂದ ಮೇಲೆಯೇ ಆ ದಿನದ ಕೆಲಸ ಮುಗಿದದ್ದು.

ಆ ಸಣ್ಣ ಫೈಲೇ ಆಡ್-ಇನ್, ಅಂದರೆ ಎಕ್ಸೆಲ್‌ಗೆ ಮೊದಲು ಗೊತ್ತಿಲ್ಲದ ಕೆಲಸವನ್ನು ಸೇರಿಸಿಕೊಡುವ ಫೈಲ್. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು: ಆಡ್-ಇನ್ ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ, ನಿಮ್ಮ ಫೈಲಿನ ಒಳಗೆ ಅಲ್ಲ. ತೆಂಗಿನಕಾಯಿಯನ್ನು ನೆಂಟರ ಮನೆಗೆ ಕಳಿಸಿದರೆ ಕಾಯಿ ಸುಲಿಯುವ ಹಾರೆ ಅದರ ಜೊತೆಗೆ ಹೋಗುವುದಿಲ್ಲ ಅಲ್ವಾ? ಇದೂ ಹಾಗೆ. ಇದೊಂದು ಮನಸ್ಸಿನಲ್ಲಿ ಇದ್ದರೆ ಮುಂದೆ ಹೇಳುವ ಎಲ್ಲ ಹಂತಗಳೂ ಸುಲಭ.

ನಿಮ್ಮಲ್ಲಿ ಯಾವ ಆಡ್-ಇನ್ ಉಂಟು ಎಂದು ಮೊದಲು ನೋಡಿ

ಎಕ್ಸೆಲ್ ತೆರೆಯಿರಿ. ಫೈಲ್ ಒತ್ತಿ, ಕೆಳಗೆ ಆಪ್ಶನ್ಸ್ ಒತ್ತಿ, ಎಡಗಡೆಯ ಪಟ್ಟಿಯಲ್ಲಿ ಆಡ್-ಇನ್ಸ್ ಆರಿಸಿ. ಆಕ್ಟಿವ್ ಎಂಬ ತಲೆಬರಹದ ಕೆಳಗೆ ಇರುವವು ಈಗ ಕೆಲಸ ಮಾಡುತ್ತಿರುವವು. ಇನ್‌ಆಕ್ಟಿವ್ ಕೆಳಗಿನವು ಕಂಪ್ಯೂಟರ್‌ನಲ್ಲಿ ಇವೆ, ಆದರೆ ಸುಮ್ನೆ ಕೂತಿವೆ. ಡಿಸೇಬಲ್ಡ್ ಎಂಬಲ್ಲಿ ಏನಾದರೂ ಇದ್ದರೆ ಅದನ್ನು ಎಕ್ಸೆಲ್ ತಾನಾಗಿ ಹೊರಗೆ ಇಟ್ಟಿದೆ. ಅದರ ಮಾತು ಆಮೇಲೆ.

ಪ್ರತಿ ಹೆಸರಿನ ಮುಂದೆ ಅದು ಯಾವ ಫೋಲ್ಡರ್‌ನಲ್ಲಿದೆ, ಯಾವ ಜಾತಿಯದು ಎಂದು ಬರೆದಿರುತ್ತದೆ. ಜಾತಿ ಮುಖ್ಯ. ಯಾಕೆಂದರೆ ಒಂದೊಂದನ್ನು ಹಾಕುವ, ನಿಲ್ಲಿಸುವ ಜಾಗ ಬೇರೆ ಬೇರೆ.

ಎಕ್ಸೆಲ್ ಆಡ್-ಇನ್ ಎಂಬುದು ನಾವು ನೀವು ಕೂಡ ಮಾಡಬಹುದಾದದ್ದು. ಫೈಲಿನ ಹೆಸರಿನ ಕೊನೆಗೆ .ಎಕ್ಸ್‌ಎಲ್‌ಎಎಂ ಇರುತ್ತದೆ, ಹಳೆಯದಾದರೆ .ಎಕ್ಸ್‌ಎಲ್‌ಎ. .ಎಕ್ಸ್‌ಎಲ್‌ಎಲ್ ಕೂಡ ಇದೇ ಪಟ್ಟಿಗೆ ಸೇರುತ್ತದೆ, ಆದರೆ ಅದನ್ನು ಪ್ರೋಗ್ರಾಮರ್‌ಗಳು ಬೇರೆ ಭಾಷೆಯಲ್ಲಿ ಬರೆದಿರುತ್ತಾರೆ. ಕಾಮ್ ಆಡ್-ಇನ್ ಸಾಮಾನ್ಯವಾಗಿ ಬೇರೆ ಸಾಫ್ಟ್‌ವೇರಿನ ಜೊತೆಗೆ ಬಂದು ಸೇರಿಕೊಳ್ಳುತ್ತದೆ. ಪಿಡಿಎಫ್ ಮಾಡುವ ಸಾಫ್ಟ್‌ವೇರ್ ಹಾಕಿದ ಮೇಲೆ ಎಕ್ಸೆಲ್‌ನಲ್ಲಿ ಹೊಸ ಟ್ಯಾಬ್ ಕಂಡಿತು ಎಂದರೆ ಅದು ಇದೇ. ಮೂರನೆಯದು ಆಫೀಸ್ ಆಡ್-ಇನ್. ಮೈಕ್ರೋಸಾಫ್ಟ್‌ನ ಸ್ಟೋರ್‌ನಿಂದ ಬರುತ್ತದೆ, ನಡೆಯಲು ಹೆಚ್ಚಾಗಿ ಇಂಟರ್ನೆಟ್ ಬೇಕು. ಬ್ರೌಸರ್‌ನಲ್ಲಿ ಎಕ್ಸೆಲ್ ಬಳಸುವವರಿಗೆ ಸಿಗುವುದು ಈ ಒಂದು ಜಾತಿ ಮಾತ್ರ. ಎಕ್ಸ್‌ಎಲ್‌ಎಎಂ ಆಗಲಿ ಕಾಮ್ ಆಗಲಿ ಅಲ್ಲಿ ನಡೆಯುವುದಿಲ್ಲ.

ಹಾಕುವ ಕ್ರಮ

ಸುಲಭದ್ದರಿಂದ ಶುರು ಮಾಡೋಣ. ಎಕ್ಸೆಲ್ ಜೊತೆಗೇ ಬಂದು, ಆದರೆ ಮುಚ್ಚಿಕೊಂಡಿರುವ ಎರಡು ಒಳ್ಳೆಯ ಆಡ್-ಇನ್‌ಗಳಿವೆ: ಅನಾಲಿಸಿಸ್ ಟೂಲ್‌ಪ್ಯಾಕ್ ಮತ್ತು ಸಾಲ್ವರ್.

1. ಫೈಲ್, ಆಪ್ಶನ್ಸ್, ಆಡ್-ಇನ್ಸ್‌ಗೆ ಹೋಗಿ.
2. ಪರದೆಯ ಅಡಿಯಲ್ಲಿ ಮ್ಯಾನೇಜ್ ಎಂಬ ಸಣ್ಣ ಪೆಟ್ಟಿಗೆ ಉಂಟು. ಅದರಲ್ಲಿ ಎಕ್ಸೆಲ್ ಆಡ್-ಇನ್ಸ್ ಆರಿಸಿ ಗೋ ಒತ್ತಿ.
3. ಬೇಕಾದ ಹೆಸರಿನ ಎಡಗಡೆಯ ಚೌಕಕ್ಕೆ ಟಿಕ್ ಹಾಕಿ ಓಕೆ ಒತ್ತಿ.
4. ಡೇಟಾ ಟ್ಯಾಬಿಗೆ ಹೋಗಿ ಬಲತುದಿ ನೋಡಿ. ಡೇಟಾ ಅನಾಲಿಸಿಸ್, ಸಾಲ್ವರ್ ಎಂಬ ಬಟನ್‌ಗಳು ಬಂದಿರುತ್ತವೆ.

ಮೌಸ್ ಬೇಡ ಎನ್ನುವವರು ಆಲ್ಟ್, ಟಿ, ಐ ಕೀಗಳನ್ನು ಒಂದರ ನಂತರ ಒಂದು ಒತ್ತಿದರೆ ನೇರವಾಗಿ ಆ ಪಟ್ಟಿಗೇ ಹೋಗಬಹುದು. ನನಗೆ ಈಗ ಇದೇ ಅಭ್ಯಾಸ. ಮ್ಯಾಕ್‌ನಲ್ಲಾದರೆ ಟೂಲ್ಸ್ ಮೆನುವಿನಲ್ಲಿ ಎಕ್ಸೆಲ್ ಆಡ್-ಇನ್ಸ್ ಎಂದು ಸಿಗುತ್ತದೆ.

ಸಾಲ್ವರ್ ಎಂತಕ್ಕೆ ಎಂದು ಕೇಳುವವರಿದ್ದಾರೆ. ದನದ ಹಿಂಡಿ, ಬೂಸ, ಜೋಳದ ಹುಡಿ ಮೂರಕ್ಕೂ ಕಿಲೋಗೆ ಬೇರೆ ಬೇರೆ ಬೆಲೆ, ಬೇರೆ ಬೇರೆ ಪ್ರೋಟೀನ್. ಇಷ್ಟು ಪ್ರೋಟೀನ್ ಬೇಕು, ಖರ್ಚು ಕಡಿಮೆ ಆಗಬೇಕು ಎಂದರೆ ಯಾವುದನ್ನು ಎಷ್ಟು ಬೆರೆಸಬೇಕು? ಈ ಲೆಕ್ಕ ಕೈಯಲ್ಲಿ ಮಾಡುವುದು ಕಷ್ಟ, ಸಾಲ್ವರ್ ಕೂಡಲೇ ಹೇಳುತ್ತದೆ. ಟೂಲ್‌ಪ್ಯಾಕ್ ಬೇಕಾಗುವುದು ಅಂಕಿಅಂಶ ಓದುವ ಮಕ್ಕಳಿಗೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಓದುವವರಿಗೆ ಪ್ರಾಜೆಕ್ಟ್ ಸಮಯದಲ್ಲಿ ರಿಗ್ರೆಶನ್, ಸರಾಸರಿ, ವ್ಯತ್ಯಾಸದ ಲೆಕ್ಕಕ್ಕೆ ಇದು ಸಾಕಾಗುತ್ತದೆ. ಇದೆಲ್ಲ ಎಕ್ಸೆಲ್ ಜೊತೆಗೇ ಇರುವಾಗ ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಹುಡುಕುವುದು ಬೇಡ.

ಹೊರಗಿನಿಂದ ಬಂದ ಎಕ್ಸ್‌ಎಲ್‌ಎಎಂ ಫೈಲ್ ಹಾಕುವುದಾದರೆ ಮೂರನೇ ಹಂತದಲ್ಲಿ ಬ್ರೌಸ್ ಒತ್ತಿ ಫೈಲನ್ನು ತೋರಿಸಬೇಕು. ಆದರೆ ಅದಕ್ಕೂ ಮೊದಲು ಫೈಲನ್ನು ಒಂದು ಕಾಯಂ ಜಾಗದಲ್ಲಿ ಇಡಿ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿಟ್ಟರೆ ಯಾರಾದರೂ ಒಂದು ದಿನ ಅದನ್ನು ಖಾಲಿ ಮಾಡುತ್ತಾರೆ, ಪೆನ್‌ಡ್ರೈವ್‌ನಿಂದಲೇ ತೋರಿಸಿದರೆ ಪೆನ್‌ಡ್ರೈವ್ ಎಳೆದ ಕೂಡಲೇ ಕತೆ ಮುಗಿಯಿತು. ಎಕ್ಸೆಲ್‌ಗೆ ಇದಕ್ಕೆಂದೇ ಒಂದು ಫೋಲ್ಡರ್ ಉಂಟು: ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ %ಆಪ್‌ಡೇಟಾ% ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ, ಅಲ್ಲಿಂದ ಮೈಕ್ರೋಸಾಫ್ಟ್, ಅದರೊಳಗೆ ಆಡ್‌ಇನ್ಸ್. ಅಲ್ಲಿ ಇಟ್ಟರೆ ಬ್ರೌಸ್ ಕೂಡ ಬೇಡ, ಪಟ್ಟಿಯಲ್ಲಿ ತಾನಾಗಿ ಕಾಣುತ್ತದೆ.

ಇನ್ನೊಂದು ತೊಡಕು. ಟಿಕ್ ಹಾಕಿದ್ದೀರಿ, ಪಟ್ಟಿಯಲ್ಲಿ ಹೆಸರೂ ಇದೆ, ಆದರೆ ಟ್ಯಾಬ್ ಬರುವುದಿಲ್ಲ, ಫಂಕ್ಷನ್ ಕೆಲಸ ಮಾಡುವುದಿಲ್ಲ. ಇಂಟರ್ನೆಟ್‌ನಿಂದ ಅಥವಾ ಇಮೇಲ್‌ನಿಂದ ಬಂದ ಫೈಲಿಗೆ ವಿಂಡೋಸ್ "ಇದು ಹೊರಗಿನದು" ಎಂಬ ಗುರುತು ಹಾಕಿರುತ್ತದೆ, ಎಕ್ಸೆಲ್ ಅಂಥದ್ದನ್ನು ಮಾತಿಲ್ಲದೆ ತಡೆಯುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಜನರಲ್ ಟ್ಯಾಬಿನ ಕೆಳಗೆ ಅನ್‌ಬ್ಲಾಕ್ ಎಂಬ ಚೌಕ ಇದ್ದರೆ ಟಿಕ್ ಹಾಕಿ ಓಕೆ ಕೊಡಿ, ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಿರಿ. ಕೊಟ್ಟವರು ಯಾರು, ಒಳಗೆ ಏನಿದೆ ಎಂದು ಗೊತ್ತಿದ್ದರೆ ಮಾತ್ರ ಇದನ್ನು ಮಾಡಿ. 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು (ಫೈಲಿನೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳನ್ನು), 2023ರಿಂದ ಎಕ್ಸ್‌ಎಲ್‌ಎಲ್ ಫೈಲುಗಳನ್ನು ತಾನಾಗಿ ತಡೆಯಲು ಶುರು ಮಾಡಿದ್ದು ಅವುಗಳ ಮೂಲಕ ವೈರಸ್ ಹರಡುತ್ತಿದ್ದ ಕಾರಣಕ್ಕೇ. ಸೊಸೈಟಿಯ ಕಂಪ್ಯೂಟರ್‌ನಲ್ಲಿ ನೂರಾರು ಮನೆಯವರ ಬ್ಯಾಂಕ್ ಖಾತೆ ನಂಬರ್, ಆಧಾರ್ ನಂಬರ್ ಇರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ ಆಡ್-ಇನ್ ಅಂಥ ಕಂಪ್ಯೂಟರ್‌ಗೆ ಹೋಗಲೇಬಾರದು.

ಕನ್ನಡದಲ್ಲಿ ಮೊತ್ತ ಬರೆಯುವ ಆಡ್-ಇನ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಾಸರಗೋಡಿನವರಿಗೆ ಇದು ನಿಜವಾಗಿ ಬೇಕಾದದ್ದು. ಒಂದೇ ಸಂಘದಲ್ಲಿ ಕನ್ನಡ ಓದುವವರೂ ಮಲಯಾಳ ಓದುವವರೂ ಇರುತ್ತಾರೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಮಾತಾಡಿದರೂ ಶಾಲೆಯಲ್ಲಿ ಕಲಿತದ್ದು ಕನ್ನಡ ಎನ್ನುವ ಹಿರಿಯರು ಬದಿಯಡ್ಕ, ಎಣ್ಮಕಜೆ, ಮಂಜೇಶ್ವರದ ಕಡೆ ತುಂಬ ಇದ್ದಾರೆ. ಅವರು ಸಹಿ ಹಾಕುವ ಕಾಗದದಲ್ಲಿ ಮೊತ್ತ ಅವರಿಗೆ ಓದಲು ಬರುವ ಅಕ್ಷರದಲ್ಲಿ ಇರಬೇಕು.

ಇಂಗ್ಲಿಷಿಗೆ ಮೈಕ್ರೋಸಾಫ್ಟೇ ಕೊಟ್ಟಿರುವ ಸ್ಪೆಲ್‌ನಂಬರ್ ಎಂಬ ಮ್ಯಾಕ್ರೋ ಇದೆ. ಆದರೆ ಅದು ಡಾಲರ್ ಲೆಕ್ಕದ್ದು, ಮಿಲಿಯನ್ ಬಿಲಿಯನ್ ಎಂದು ಹೋಗುತ್ತದೆ, ಲಕ್ಷ ಕೋಟಿ ಅದಕ್ಕೆ ಗೊತ್ತಿಲ್ಲ. ಅದರ ಶಬ್ದಗಳನ್ನು ಕನ್ನಡಕ್ಕೆ ಬದಲಿಸಿದರೆ ಸಾಕು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಆಗುವುದಿಲ್ಲ. ಕನ್ನಡದಲ್ಲಿ ಎರಡು ನೂರು, ಮೂರು ನೂರು ಎಂದು ಯಾರೂ ವೋಚರ್ ಬರೆಯುವುದಿಲ್ಲ. ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು. ಮತ್ತೆ ಮುಂದೆ ಅಂಕಿ ಇದ್ದರೆ ನೂರು ಹೋಗಿ ನೂರ ಆಗುತ್ತದೆ, ಸಾವಿರ ಹೋಗಿ ಸಾವಿರದ ಆಗುತ್ತದೆ. 18,000 ಆದರೆ ಹದಿನೆಂಟು ಸಾವಿರ ರೂಪಾಯಿ. 18,450 ಆದರೆ ಹದಿನೆಂಟು ಸಾವಿರದ ನಾನೂರ ಐವತ್ತು ರೂಪಾಯಿ. ಲಕ್ಷ ಲಕ್ಷದ, ಕೋಟಿ ಕೋಟಿಯ. ಅಂದರೆ ಪ್ರತಿ ಶಬ್ದಕ್ಕೂ ಎರಡು ರೂಪ ಬೇಕು: ಒಂಟಿಯಾಗಿ ನಿಂತಾಗಿನದ್ದು, ಮುಂದೆ ಇನ್ನೊಂದು ಬಂದಾಗಿನದ್ದು.

ಎರಡನೇ ತೊಡಕು ಎಕ್ಸೆಲ್‌ನದ್ದು. ಮ್ಯಾಕ್ರೋದ ಕೋಡು ಬರೆಯಲು ಆಲ್ಟ್ ಮತ್ತು ಎಫ್11 ಒತ್ತಿ ತೆರೆಯುವ ವಿಬಿಎ ಎಡಿಟರ್‌ಗೆ ಕನ್ನಡ ಬರುವುದಿಲ್ಲ. ಅದರಲ್ಲಿ ಕನ್ನಡ ಬರೆದರೆ ಸಾಲಾಗಿ ಪ್ರಶ್ನೆಚಿಹ್ನೆ ಕಾಣುತ್ತದೆ. ನಾನು ಹಿಡಿದ ದಾರಿ ಇದು: ಕನ್ನಡ ಶಬ್ದಗಳನ್ನು ಕೋಡಿನಲ್ಲಿ ಬರೆಯದೆ ಅದೇ ಫೈಲಿನ ಒಂದು ಶೀಟಿನಲ್ಲಿ ಬರೆದಿಟ್ಟೆ. ಒಂದರಿಂದ ತೊಂಬತ್ತೊಂಬತ್ತರ ವರೆಗೆ ಒಂದು ಕಾಲಂ, ನೂರರಿಂದ ಒಂಬೈನೂರರ ವರೆಗೆ ಎರಡೆರಡು ರೂಪ, ಆಮೇಲೆ ಸಾವಿರ, ಲಕ್ಷ, ಕೋಟಿ. ಕೋಡು ಅಂಕಿಯನ್ನು ಒಡೆದು ಆ ಶೀಟಿನಿಂದ ಶಬ್ದ ಎತ್ತಿ ಜೋಡಿಸುತ್ತದೆ, ಅಷ್ಟೇ. ಪಕ್ಕದಲ್ಲೇ ಇನ್ನೊಂದು ಕಾಲಮಿನಲ್ಲಿ ಮಲಯಾಳ ಶಬ್ದಗಳನ್ನು ಇಡಲೂ ಜಾಗ ಸಿಕ್ಕಿತು. ಶಬ್ದಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ನಲ್ಲಿ ಬರೆದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಅಕ್ಷರ ಕಾಣುತ್ತದೆ.

ಮುಗಿದ ಮೇಲೆ ಸೇವ್ ಆ್ಯಸ್ ಒತ್ತಿ ಫೈಲ್ ಟೈಪ್‌ನಲ್ಲಿ ಎಕ್ಸೆಲ್ ಆಡ್-ಇನ್ ಆರಿಸಿದರೆ ಎಕ್ಸೆಲ್ ತಾನೇ ಆಡ್‌ಇನ್ಸ್ ಫೋಲ್ಡರ್‌ಗೆ ಹೋಗುತ್ತದೆ. ಸೇವ್ ಆದ ಮೇಲೆ ಆ ಶೀಟು ಕಾಣುವುದಿಲ್ಲ. ಹೆದರಬೇಡಿ, ಒಳಗೆ ಉಂಟು. ಶಬ್ದ ತಿದ್ದಬೇಕಾದರೆ ವಿಬಿಎ ಎಡಿಟರ್‌ನಲ್ಲಿ ಆ ಫೈಲಿನ ದಿಸ್‌ವರ್ಕ್‌ಬುಕ್ ಆರಿಸಿ, ಪ್ರಾಪರ್ಟೀಸ್‌ನಲ್ಲಿ ಈಸ್‌ಆಡ್‌ಇನ್ ಎಂಬುದನ್ನು ಫಾಲ್ಸ್ ಮಾಡಿ. ಶೀಟು ಮತ್ತೆ ಕಾಣುತ್ತದೆ. ತಿದ್ದಿ, ಟ್ರೂ ಮಾಡಿ, ಸೇವ್ ಮಾಡಿ.

ಫೈಲ್ ಬೇರೆಯವರಿಗೆ ಕೊಡುವ ಮೊದಲು

ಸೊಸೈಟಿಯಲ್ಲಿ ಅವತ್ತು ಎಡವಿದ್ದು ಇಲ್ಲೇ. ಆಡಿಟರಿಗೋ ಬ್ಯಾಂಕಿಗೋ ಕೊಡುವ ಫೈಲಾದರೆ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಆಡ್-ಇನ್ ಇರುವುದಿಲ್ಲ. ಅಕ್ಷರದ ಕಾಲಮನ್ನು ಕಾಪಿ ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ನಿಂದ ವ್ಯಾಲ್ಯೂಸ್ ಆರಿಸಿ ಪೇಸ್ಟ್ ಮಾಡಿ. ಫಾರ್ಮುಲಾ ಹೋಗಿ ಬರೀ ಅಕ್ಷರ ಉಳಿಯುತ್ತದೆ. ಮೂಲ ಫೈಲನ್ನು ಮುಟ್ಟದೆ ಒಂದು ಪ್ರತಿಯಲ್ಲಿ ಇದನ್ನು ಮಾಡಿ. ಫೋನಿನಲ್ಲಿ ತೆರೆಯುವವರಿಗಾದರೆ ಪಿಡಿಎಫ್ ಮಾಡಿ ಕಳಿಸುವುದು ಒಳ್ಳೆಯದು, ಫೋನಿನ ಎಕ್ಸೆಲ್‌ನಲ್ಲಿ ಇಂಥ ಆಡ್-ಇನ್ ನಡೆಯುವುದೇ ಇಲ್ಲ.

ಎರಡೂ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಬೇಕಾದ ಫೈಲಾದರೆ ಎರಡರಲ್ಲೂ ಆಡ್-ಇನ್ ಹಾಕಿ. ಹಾಗೆ ಹಾಕಿದ ಮೇಲೂ ಫಾರ್ಮುಲಾದಲ್ಲಿ ಹಳೆಯ ಕಂಪ್ಯೂಟರ್‌ನ ಫೋಲ್ಡರ್ ಹೆಸರು ಉಳಿದಿರಬಹುದು. ಒಂದೊಂದೇ ಸೆಲ್ ತಿದ್ದಲು ಹೋಗಬೇಡಿ. ಡೇಟಾ ಟ್ಯಾಬಿನಲ್ಲಿ ಎಡಿಟ್ ಲಿಂಕ್ಸ್ ಉಂಟು, ಹೊಸ ಆವೃತ್ತಿಯಲ್ಲಿ ಅದರ ಹೆಸರು ವರ್ಕ್‌ಬುಕ್ ಲಿಂಕ್ಸ್. ಅಲ್ಲಿ ಚೇಂಜ್ ಸೋರ್ಸ್ ಒತ್ತಿ, ಈ ಕಂಪ್ಯೂಟರ್‌ನಲ್ಲಿರುವ ಎಕ್ಸ್‌ಎಲ್‌ಎಎಂ ಫೈಲನ್ನು ತೋರಿಸಿ. ಎಲ್ಲ ವೋಚರ್ ಒಮ್ಮೆಗೇ ಸರಿಯಾಗುತ್ತದೆ.

ನಿಲ್ಲಿಸುವುದು

ಎಕ್ಸೆಲ್ ತೆರೆಯಲು ಬರಬರುತ್ತಾ ತಡವಾಗುತ್ತಿದೆ ಎಂದರೆ ಮೊದಲ ಅನುಮಾನ ಆಡ್-ಇನ್ ಮೇಲೆಯೇ ಇರಲಿ. ಎಕ್ಸೆಲ್ ಆಡ್-ಇನ್ ಆದರೆ ಅದೇ ಆಲ್ಟ್, ಟಿ, ಐ ಪಟ್ಟಿಯಲ್ಲಿ ಟಿಕ್ ತೆಗೆದರೆ ಆಯಿತು. ಫೈಲ್ ಅಳಿಯುವುದಿಲ್ಲ, ಬೇಕಾದಾಗ ಮತ್ತೆ ಹಾಕಬಹುದು. ಕಾಮ್ ಆದರೆ ಮ್ಯಾನೇಜ್ ಪೆಟ್ಟಿಗೆಯಲ್ಲಿ ಕಾಮ್ ಆಡ್-ಇನ್ಸ್ ಆರಿಸಿ ಗೋ ಒತ್ತಿ ಟಿಕ್ ತೆಗೆಯಿರಿ.

ಕೆಲವೊಮ್ಮೆ ಟಿಕ್ ತೆಗೆಯಲು ಬಿಡುವುದಿಲ್ಲ. ನನ್ನ ಪರಿಚಯದ ಒಂದು ಅಡಿಕೆ ಅಂಗಡಿಯಲ್ಲಿ ಹೀಗಾಯಿತು. ಲೆಕ್ಕದ ಸಾಫ್ಟ್‌ವೇರ್ ಹಾಕಲು ಬಂದವರು ಅದರ ಜೊತೆಗೆ ಒಂದು ಕಾಮ್ ಆಡ್-ಇನ್ ಕೂಡ ಸೇರಿಸಿ ಹೋಗಿದ್ದರು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕೋಕ ಎಂದು ನಾಲ್ಕು ಶೀಟಿರುವ ಸಣ್ಣ ಫೈಲ್ ತೆರೆಯಲು ಒಂದು ನಿಮಿಷದ ಹತ್ತಿರ ಹಿಡಿಯುತ್ತಿತ್ತು. ಅಡಿಕೆ ತಂದವರು ತೂಕ ಮಾಡಿಸಿ ಕಾಯುತ್ತಾ ನಿಲ್ಲಬೇಕಿತ್ತು. ಟಿಕ್ ತೆಗೆಯಲು ಹೋದರೆ, ಇದು ಲೋಕಲ್ ಮೆಷಿನ್‌ನಲ್ಲಿ ನೋಂದಣಿಯಾಗಿದೆ, ಬದಲಿಸಲಾಗದು ಎಂಬ ಅರ್ಥದ ಸಂದೇಶ ಬಂತು. ಎಲ್ಲ ಬಳಕೆದಾರರಿಗೂ ಸೇರಿಸಿ ಹಾಕಿದ ಆಡ್-ಇನ್ ಹೀಗೆ ಮಾಡುತ್ತದೆ. ಎಕ್ಸೆಲ್ ಮುಚ್ಚಿ, ಸ್ಟಾರ್ಟ್ ಮೆನುವಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತಿ ತೆರೆದರೆ ಟಿಕ್ ತೆಗೆಯಬಹುದು. ಅಲ್ಲೂ ಹಾಗೇ ಮಾಡಿದೆವು. ಆಮೇಲೆ ಫೈಲ್ ಒತ್ತಿದ ಕೂಡಲೇ ತೆರೆಯಿತು.

ಯಾವ ಆಡ್-ಇನ್ ತೊಂದರೆ ಕೊಡುತ್ತಿದೆ ಎಂದೇ ಗೊತ್ತಿಲ್ಲವೇ? ಕಂಟ್ರೋಲ್ ಕೀ ಒತ್ತಿ ಹಿಡಿದು ಎಕ್ಸೆಲ್ ತೆರೆಯಿರಿ. ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ, ಯೆಸ್ ಕೊಡಿ. ಅಲ್ಲಿ ಆಡ್-ಇನ್‌ಗಳು ಬರುವುದಿಲ್ಲ. ಹಾಗೆ ತೆರೆದಾಗ ಚುರುಕಾಗಿದ್ದರೆ ತಪ್ಪು ಅವುಗಳಲ್ಲಿ ಯಾವುದೋ ಒಂದರದ್ದು. ಎಲ್ಲದರ ಟಿಕ್ ತೆಗೆದು, ಮಾಮೂಲಿನಂತೆ ತೆರೆದು, ಒಂದೊಂದೇ ಹಾಕುತ್ತಾ ಬನ್ನಿ. ಪ್ರತಿ ಸಲವೂ ಎಕ್ಸೆಲ್ ಮುಚ್ಚಿ ತೆರೆಯಬೇಕು. ಬೇಜಾರಿನ ಕೆಲಸ, ಆದರೆ ಇದಕ್ಕಿಂತ ಖಚಿತವಾದ ದಾರಿ ನನಗೆ ಕಂಡಿಲ್ಲ.

ತಾನಾಗಿ ಮಾಯವಾದರೆ

ನಿನ್ನೆ ಇದ್ದ ಟ್ಯಾಬ್ ಇವತ್ತು ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇದು ಜಾಸ್ತಿ. ಎಕ್ಸೆಲ್ ತೆರೆಯುತ್ತಿರುವಾಗಲೇ ಕರೆಂಟ್ ಹೋದರೆ, ಮುಂದಿನ ಸಲ ಅದು "ಹೋದ ಸಲ ಈ ಆಡ್-ಇನ್‌ನಿಂದ ತೊಂದರೆ ಆಯಿತು, ನಿಲ್ಲಿಸಲೇ?" ಎಂದು ಕೇಳಬಹುದು. ಅವಸರದಲ್ಲಿ ಯೆಸ್ ಒತ್ತಿಬಿಡುತ್ತೇವೆ. ಆಮೇಲೆ ಅದು ಡಿಸೇಬಲ್ಡ್ ಐಟಮ್ಸ್ ಪಟ್ಟಿಗೆ ಹೋಗಿರುತ್ತದೆ, ಮಾಮೂಲಿ ಪಟ್ಟಿಯಲ್ಲಿ ಎಷ್ಟು ಟಿಕ್ ಹಾಕಿದರೂ ಬರುವುದಿಲ್ಲ. ಮ್ಯಾನೇಜ್ ಪೆಟ್ಟಿಗೆಯಲ್ಲಿ ಡಿಸೇಬಲ್ಡ್ ಐಟಮ್ಸ್ ಆರಿಸಿ ಗೋ ಒತ್ತಿ, ಹೆಸರು ಆರಿಸಿ ಎನೇಬಲ್ ಕೊಡಿ. ಎಕ್ಸೆಲ್ ಮತ್ತೆ ತೆರೆದು, ಟಿಕ್ ಉಂಟೋ ಎಂದೂ ನೋಡಿ.

ಹೊಸ ಕಂಪ್ಯೂಟರ್‌ಗೆ ಬದಲಾದ ಮೇಲೆ ಆಡ್-ಇನ್ ಬರುತ್ತಿಲ್ಲ ಎಂದರೆ ಕಾರಣ ಬೇರೆ ಇರಬಹುದು. ಎಕ್ಸ್‌ಎಲ್‌ಎಲ್ ಮತ್ತು ಕಾಮ್ ಆಡ್-ಇನ್‌ಗಳಲ್ಲಿ 32 ಬಿಟ್, 64 ಬಿಟ್ ಎಂಬ ಭೇದ ಉಂಟು, ಎಕ್ಸೆಲ್‌ಗೆ ಹೊಂದುವುದೇ ಬೇಕು. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿದರೆ ನಿಮ್ಮದು ಯಾವುದೆಂದು ಮೇಲಿನ ಸಾಲಿನಲ್ಲೇ ಇರುತ್ತದೆ.

ಪಟ್ಟಿಯಿಂದಲೇ ತೆಗೆಯುವುದು

ಎಕ್ಸೆಲ್ ಆಡ್-ಇನ್ ಪಟ್ಟಿಯಲ್ಲಿ ಡಿಲೀಟ್ ಬಟನ್ ಇಲ್ಲ. ಟಿಕ್ ತೆಗೆದು, ಎಕ್ಸೆಲ್ ಮುಚ್ಚಿ, ಆ ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿ. ಮತ್ತೆ ತೆರೆದು ಪಟ್ಟಿಯಲ್ಲಿ ಅದೇ ಹೆಸರಿಗೆ ಟಿಕ್ ಹಾಕಿದರೆ, ಫೈಲ್ ಸಿಗುತ್ತಿಲ್ಲ, ಪಟ್ಟಿಯಿಂದ ತೆಗೆಯಲೇ ಎಂದು ಕೇಳುತ್ತದೆ. ಯೆಸ್. ಕಾಮ್ ಆದರೆ ಅದರ ಪಟ್ಟಿಯಲ್ಲೇ ರಿಮೂವ್ ಉಂಟು, ಆದರೂ ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಆ ಸಾಫ್ಟ್‌ವೇರನ್ನೇ ಅನ್‌ಇನ್‌ಸ್ಟಾಲ್ ಮಾಡುವುದು ಸ್ವಚ್ಛವಾದ ಕೆಲಸ.

ಮಕ್ಕಳ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಇಲ್ಲದಿದ್ದರೆ

ಕೇರಳದ ಸರಕಾರಿ ಶಾಲೆಗಳಲ್ಲಿ ಉಬುಂಟು ಮತ್ತು ಲಿಬ್ರೆಆಫೀಸ್. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್‌ನ ಕೆಲಸ ಮಾಡುವ ಕ್ಯಾಲ್ಕ್ ಅನ್ನೇ. ಮನೆಯಲ್ಲಿ ಹಾಗೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇದ್ದರೆ ಅದರಲ್ಲಿ ಕೆಲಸ ಇನ್ನೂ ಕಡಿಮೆ. ಸಾಲ್ವರ್ ಟೂಲ್ಸ್ ಮೆನುವಿನಲ್ಲಿ ಮೊದಲೇ ಇದೆ. ಅಂಕಿಅಂಶದ ಲೆಕ್ಕಗಳು ಡೇಟಾ ಮೆನುವಿನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಇವೆ. ಯಾವ ಟಿಕ್ಕೂ ಬೇಡ.

ಅದರಲ್ಲಿ ಆಡ್-ಇನ್ ಎನ್ನುವ ಬದಲು ಎಕ್ಸ್‌ಟೆನ್ಶನ್ ಎನ್ನುತ್ತಾರೆ. ಫೈಲಿನ ಕೊನೆಗೆ .ಒಎಕ್ಸ್‌ಟಿ ಇರುತ್ತದೆ. ಟೂಲ್ಸ್ ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ತೆರೆದು ಆಡ್ ಒತ್ತಿ ಫೈಲ್ ತೋರಿಸಿದರೆ ಸೇರುತ್ತದೆ. ಅದೇ ಕಿಟಕಿಯಲ್ಲಿ ಡಿಸೇಬಲ್, ಎನೇಬಲ್, ರಿಮೂವ್ ಎಲ್ಲವೂ ಉಂಟು. ಮಾಡಿದ ಮೇಲೆ ಲಿಬ್ರೆಆಫೀಸ್ ಮುಚ್ಚಿ ತೆರೆಯಬೇಕು. ಏನಾದರೂ ಕೆಟ್ಟರೆ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್‌ನಲ್ಲಿ ಮತ್ತೆ ತೆರೆಯುವ ಆಯ್ಕೆ ಉಂಟು.

ಎಕ್ಸೆಲ್‌ನಲ್ಲಿ ಮಾಡಿದ ಎಕ್ಸ್‌ಎಲ್‌ಎಎಂ ಆಡ್-ಇನ್ ಅನ್ನು ಇಲ್ಲಿ ಎಕ್ಸ್‌ಟೆನ್ಶನ್ ಆಗಿ ಸೇರಿಸಲು ಆಗುವುದಿಲ್ಲ. ಅದಕ್ಕೇ ಮೊತ್ತದ ಶಬ್ದಗಳ ಆ ಶೀಟನ್ನು ನಾನು ಬೇರೆಯಾಗಿ ಒಂದು ಸಾದಾ ಫೈಲ್ ಆಗಿಯೂ ಇಟ್ಟಿದ್ದೇನೆ. ಕ್ಯಾಲ್ಕ್‌ನಲ್ಲಿ ಅದನ್ನು ಪಕ್ಕದ ಶೀಟಿಗೆ ಹಾಕಿಕೊಂಡು, ಪಟ್ಟಿಯಲ್ಲಿ ಹುಡುಕಿ ತರುವ ವಿಲುಕಪ್ ಫಂಕ್ಷನ್‌ನಿಂದ ಒಂದೊಂದೇ ಶಬ್ದ ಎತ್ತಿ ಜೋಡಿಸಬಹುದು. ಫಾರ್ಮುಲಾ ಉದ್ದವಾಗುತ್ತದೆ ನಿಜ. ಆದರೆ ಶಬ್ದವೂ ಫಾರ್ಮುಲಾವೂ ಒಂದೇ ಫೈಲಿನಲ್ಲಿ ಇರುವುದರಿಂದ ಯಾವ ಕಂಪ್ಯೂಟರ್‌ಗೆ ಕೊಂಡುಹೋದರೂ ಅಕ್ಷರದ ಸಾಲು ಅಳಿಸಿಹೋಗುವುದಿಲ್ಲ.